ಹಿಂದಕ್ಕೆ ಚಾಚಿದ ಹುಟ್ಟು

"ಅಜ್ಜಾರ, ದಿನಾ ಸಂಜೀಕ ಮಗನ ಮಗ್ಗಲಾಗ ಕುಂತು ಪಾಠ ಹೇಳಿಕೊಡ್ತೀನ್ರಿ. ಒಂದು ದಿನಾನೂ ತಪ್ಪಿಸಿಲ್ಲ. ಆದ್ರೂ ಅವಗ ಯಾಕ ಬರವಲ್ದು?"

ಕೇಳಿದವಳು ಹಾಲಮ್ಮ. ಬಟ್ಟೆ ಹೊಲಿಯುವುದು ಅವಳ ಕಸುಬು. ಹಗಲೆಲ್ಲ ಮಶಿನ್ ತುಳಿದು, ಒಲೆಯ ಮೇಲೆ ಅನ್ನಕ್ಕಿಟ್ಟು, ಆಮೇಲೆ ಮಗನನ್ನು ಲೆಕ್ಕಕ್ಕೆ ಕೂರಿಸಿಕೊಳ್ಳುವವಳು. ಮಠಕ್ಕೆ ಬಂದಾಗಲೂ ಅಳತೆಯ ಟೇಪು ಅವಳ ಕೊರಳಲ್ಲೇ ಇತ್ತು. ತೆಗೆದಿಡುವುದು ಮರೆತಿತ್ತು.

ಅವಳು ಅಜ್ಜಾರ ಎಂದದ್ದು ಮಠದ ಗುರುಗಳನ್ನು. ಅವರಿಗೂ ಅಂದು ದಣಿವಾಗಿತ್ತು. ಬೆಳಗಿನಿಂದ ಬಂದವರೆಲ್ಲ ಮಕ್ಕಳ ಮೇಲಿನ ದೂರನ್ನೇ ತಂದಿದ್ದರು. ತಂದೆತಾಯಿಯ ಮೇಲೆ ದೂರು ಹೊತ್ತುಕೊಂಡು ಒಂದು ಮಗುವಾದರೂ ಮಠದ ಮೆಟ್ಟಿಲು ಹತ್ತಿದ್ದನ್ನು ಅವರು ಇಷ್ಟು ವರ್ಷಗಳಲ್ಲಿ ಕಂಡಿರಲಿಲ್ಲ.

"ಅವನಿಗೆ ಬಾರದಿದ್ದಾಗ ಏನು ಮಾಡುತ್ತೀ?" ಎಂದು ಕೇಳಿದರು.

"ಏನ್ ಮಾಡ್ಲಿರೀ? ಒಂದ್ ಸರ್ತಿ ಹೇಳ್ತೀನಿ, ಎರಡ್ ಸರ್ತಿ ಹೇಳ್ತೀನಿ. ಆಮ್ಯಾಲ ನನಗ ಸಾಕಾಗಿ ಹೋಗ್ತೈತಿ. ಪೆನ್ಸಿಲ್ ಇಸ್ಕೊಂಡು ನಾನ ಬರದು ಮುಗಿಸ್ತೀನಿ. ಇಲ್ಲಾಂದ್ರ ಇಬ್ಬರಿಗೂ ಊಟಿಲ್ಲ, ನಿದ್ದಿಲ್ಲ. ಮಕ್ಕಳ ಕಡೆ ತಿರುಗಿ ಸೈತ ನೋಡದ ಮಂದಿ ಅದಾರ. ನಾ ಇಷ್ಟು ಮಾಡಿದ್ರೂ ಹಿಂಗಾದ್ರ, ಮಾಡಬೇಕೋ ಬಿಡಬೇಕೋ ನೀವ ಹೇಳ್ರಿ."

ಗುರುಗಳು ಕಾಲು ನೀಡಿ ಕಂಬಕ್ಕೆ ಒರಗಿದರು. ಮಾಡು ಎನ್ನಲಿಲ್ಲ, ಬಿಡು ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಹೊಳೆಯ ದಂಡೆಯಲ್ಲಿ ಒಬ್ಬ ಅಂಬಿಗನಿದ್ದ. ಹರಿಗೋಲಿನಲ್ಲಿ ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸುವುದು ಅವನ ಕಾಯಕ. ಅವನಿಗೆ ಒಬ್ಬಳೇ ಮಗಳು. ವಯಸ್ಸಾಗುತ್ತ ಬಂದಂತೆ ಅವನ ಬಲಭುಜ ಸೋತಿತು. ಇಳಿಸಿದ ಕೈಯನ್ನು ಎತ್ತಲು ನೋವು, ಎತ್ತಿದ್ದನ್ನು ಇಳಿಸಲು ನೋವು. ತನ್ನ ನಂತರ ಆ ಕಡವು, ಹೊಳೆ ದಾಟಿಸುವ ಆ ಹಕ್ಕು, ಮಗಳ ಕೈಗೆ ಬರಲಿ ಎಂಬುದೊಂದೇ ಅವನ ಆಸೆ.

ಬರಲಿ ಎಂದ ಮಾತ್ರಕ್ಕೆ ಬರುವಂತಿರಲಿಲ್ಲ. ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಹೊಸ ನೀರು ಬಂದು ಹೊಳೆ ತಿಳಿಯಾದ ಮೇಲೆ, ಕಡವು ವಹಿಸಿಕೊಳ್ಳುವವರು ಊರಿನ ಹಿರಿಯ ಮುದುಕಿಯನ್ನು ಕೂರಿಸಿಕೊಂಡು ಒಬ್ಬರೇ ಹೊಳೆ ದಾಟಿಸಬೇಕು. ಊರು ದಡದಲ್ಲಿ ನಿಂತು ನೋಡುತ್ತದೆ. ಮನೆಯವರು ಯಾರೂ ಹರಿಗೋಲಿಗೆ ಕಾಲಿಡುವಂತಿಲ್ಲ. ದಾಟಿಸಿದರೆ ಕಡವು ಆ ಮನೆಯಲ್ಲಿ ಉಳಿಯುತ್ತದೆ, ಇಲ್ಲವಾದರೆ ಬೇರೆ ಮನೆಗೆ ಹೋಗುತ್ತದೆ. ಮುದುಕಿಯೇ ಯಾಕೆ ಎಂದು ಕೇಳಬೇಡ. ಮುದುಕಿಯ ಕೈಲಿ ಸೈ ಎನ್ನಿಸಿಕೊಂಡವರು ಯಾರ ಕೈಲಾದರೂ ಅನ್ನಿಸಿಕೊಂಡಾರು ಎಂದು ಹಿಂದಿನವರಿಗೆ ತೋರಿರಬೇಕು.

ಹರಿಗೋಲಿನ ಸ್ವಭಾವ ನಿನಗೆ ಗೊತ್ತಿರಬಹುದು. ಬುಟ್ಟಿಯ ಹಾಗೆ ಗುಂಡಗಿರುತ್ತದೆ. ಅದಕ್ಕೆ ಹಿಂದಿಲ್ಲ, ಮುಂದಿಲ್ಲ. ಹುಟ್ಟು ಒಂದು ಕಡೆ ಹೆಚ್ಚು ಬಿದ್ದರೆ ಗಿರ್ರನೆ ತಿರುಗುತ್ತದೆ. ಹೊಸಬರ ಕೈಯಲ್ಲಿ ಅದು ತಿರುಗದೆ ಇರದು. ತಿರುಗಿ ತಿರುಗಿ ತಲೆ ಸುತ್ತಿಸಿ, ಹೋಗಬೇಕಾದ ಕಡೆ ಬಿಟ್ಟು ಇನ್ನೆಲ್ಲಿಗೋ ಒಯ್ದು, ಕೊನೆಗೆ ಯಾವತ್ತೋ ಒಂದು ದಿನ ಅದು ಕೈಯ ಮಾತು ಕೇಳುತ್ತದೆ.

ಅಂಬಿಗ ದಿನವೂ ಸಂಜೆ ಮಗಳನ್ನು ಕರೆದುಕೊಂಡು ಹೊಳೆಗಿಳಿಯುತ್ತಿದ್ದ. ಮಳೆಯಿರಲಿ, ಮೈ ಬಿಸಿಯಿರಲಿ, ತಪ್ಪಿಸುತ್ತಿರಲಿಲ್ಲ. ಅವಳು ಹುಟ್ಟು ಹಿಡಿದು ಮುಂದೆ ಕೂರುತ್ತಿದ್ದಳು. ಅವನು ಅವಳ ಬೆನ್ನ ಹಿಂದೆ ಕೂರುತ್ತಿದ್ದ. ಉಳಿದ ತಂದೆಯಂದಿರು ಆ ಹೊತ್ತಿಗೆ ದಡದ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಹರಟುತ್ತಿದ್ದರು. ಮಕ್ಕಳನ್ನು ಬೆಳೆಸಿದರೆ ಹಾಗೆ ಬೆಳೆಸಬೇಕು ಎಂದು ಅವನನ್ನು ತೋರಿಸಿ ಹೇಳುತ್ತಿದ್ದವರೂ ಅವರೇ.

ಆದರೆ ಸಂಜೆಯ ಅಂಬಿಗನೆಂದರೆ ಹಗಲಿಡೀ ಹೊಳೆ ಹಿಂಡಿ ಬಿಟ್ಟ ಅಂಬಿಗ. ಹರಿಗೋಲು ದಡ ಬಿಟ್ಟು ಸ್ವಲ್ಪ ದೂರ ಹೋಗುವುದರೊಳಗೆ ತಿರುಗಲು ಶುರುವಾಗುತ್ತಿತ್ತು. "ಎಡಕ್ಕ ಹಾಕು" ಎನ್ನುತ್ತಿದ್ದ. ಅವಳು ಎಡಕ್ಕೆ ಹಾಕುತ್ತಿದ್ದಳು. ಆಗ ಹರಿಗೋಲು ಇನ್ನೊಂದು ಮಗ್ಗುಲಿಗೆ ತಿರುಗುತ್ತಿತ್ತು. ಅವನು ಒಂದು ನಿಟ್ಟುಸಿರು ಬಿಡುತ್ತಿದ್ದ. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಒಳ್ಳೆಯ ಮನುಷ್ಯ. "ಇತ್ಲಾಗ ತಾ" ಎಂದು ಹಿಂದಿನಿಂದ ಕೈ ಚಾಚುತ್ತಿದ್ದ. ಅವಳು ಭುಜದ ಮೇಲಿಂದ ಹುಟ್ಟನ್ನು ಹಿಂದಕ್ಕೆ ಕೊಡುತ್ತಿದ್ದಳು. ಅವನು ನೋಯುವ ಭುಜದಿಂದಲೇ ಹುಟ್ಟು ಹಾಕಿ ಹರಿಗೋಲನ್ನು ನೆಟ್ಟಗೆ ದಡ ಮುಟ್ಟಿಸಿ, "ನೋಡಿದೆಲ್ಲ, ಹಿಂಗ" ಎನ್ನುತ್ತಿದ್ದ. ಅವಳು ಎಲ್ಲಿಂದ ನೋಡಬೇಕು? ಅವನು ಕೂತದ್ದು ಅವಳ ಬೆನ್ನ ಹಿಂದೆ.

ದಿನ ಹೋದಂತೆ ಅವನು ಕೇಳುವುದನ್ನೂ ಬಿಟ್ಟ. ನಿಟ್ಟುಸಿರು ಕಿವಿಗೆ ಬಿದ್ದರೆ ಸಾಕು, ಹುಟ್ಟು ಹಿಂದಕ್ಕೆ ಬರುತ್ತಿತ್ತು. ಬರಬರುತ್ತ ನಿಟ್ಟುಸಿರೂ ಬೇಕಾಗಲಿಲ್ಲ, ಹರಿಗೋಲು ತುಸು ವಾಲಿದರೆ ಆಯಿತು. ಇಬ್ಬರಿಗೂ ಅದು ಎಷ್ಟು ರೂಢಿಯಾಯಿತೆಂದರೆ, ಕೊಟ್ಟದ್ದು ಅವಳ ಗಮನಕ್ಕೆ ಬರುತ್ತಿರಲಿಲ್ಲ, ತೆಗೆದುಕೊಂಡದ್ದು ಅವನ ಗಮನಕ್ಕೆ ಬರುತ್ತಿರಲಿಲ್ಲ.

ಒಂದು ಸಂಜೆ ಮಾತ್ರ ಬೇರೆ ನಡೆಯಿತು. ಅಂದು ಮದುವೆಯ ದಿಬ್ಬಣವೊಂದನ್ನು ದಾಟಿಸಿ ಅಂಬಿಗ ಹಣ್ಣಾಗಿದ್ದ. ಹರಿಗೋಲು ದಡ ಬಿಡುತ್ತಲೇ ಕೂತಲ್ಲೇ ನಿದ್ದೆ ಹೋದ. ಹರಿಗೋಲು ತಿರುಗಿತು. ಹಿಂದಿನಿಂದ ನಿಟ್ಟುಸಿರು ಕೇಳಲಿಲ್ಲ. ಹುಡುಗಿ ಹೊರಳಿ ನೋಡಿದಳು. ಅಪ್ಪ ಬಾಯಿ ತೆರೆದು ಮಲಗಿದ್ದ. ಎಬ್ಬಿಸಲು ಅವಳಿಗೆ ಮನಸ್ಸು ಬರಲಿಲ್ಲ.

ಅವಳೇ ಹಾಕಿದಳು. ಹರಿಗೋಲು ತಿರುಗಿತು, ಮತ್ತೆ ತಿರುಗಿತು, ಹೊಳೆಯ ಜೊತೆ ಕೆಳಕ್ಕೆ ಜಾರಿತು. ಬೈಯುವವರೂ ಇಲ್ಲ, ಹೇಳುವವರೂ ಇಲ್ಲ. ಹಾಕುತ್ತ ಹಾಕುತ್ತ ಎಡದ ಕೈ ಎಷ್ಟು, ಬಲದ ಕೈ ಎಷ್ಟು ಎಂಬುದು ಎಲ್ಲಿಂದಲೋ ಅವಳ ಮೈಗೆ ಬಂತು. ಹರಿಗೋಲು ನೆಟ್ಟಗಾಯಿತು. ಅವಳಿಗೆ ಎಂಥ ಸಂತೋಷವಾಯಿತೆಂದರೆ, ಒಬ್ಬಳೇ ನಕ್ಕಳು. ಕಟ್ಟೆಗಿಂತ ಬಹಳ ಕೆಳಗೆ, ಮುಳ್ಳುಪೊದೆಯ ಹತ್ತಿರ, ಅಂತೂ ಆಚೆ ದಡ ಮುಟ್ಟಿತು.

ಹರಿಗೋಲು ನೆಲಕ್ಕೆ ತಾಗಿದ ಪೆಟ್ಟಿಗೆ ಅಂಬಿಗ ಎಚ್ಚರಗೊಂಡ. ಸುತ್ತ ನೋಡಿದ. "ಅಯ್ಯ ಶಿವನ, ಎಷ್ಟು ಕೆಳಗ ಬಂದೀವಿ! ನನ್ನ ಎಬ್ಬಸಬಾರದಿತ್ತೇನು? ತಾ ಇಲ್ಲಿ" ಎಂದ.

ಅವಳು ಕೊಟ್ಟಳು. ಪ್ರವಾಹಕ್ಕೆ ಎದುರಾಗಿ ಈಚೆ ದಡದ ಕಟ್ಟೆಯವರೆಗೂ ಅವನೇ ಹುಟ್ಟು ಹಾಕಿದ. ಹಾಕಿದಷ್ಟು ಹೊತ್ತೂ ನರಳಿದ. ದಡ ಮುಟ್ಟಿಸಿದ್ದು ತಾನು ಎಂದು ಅವಳು ಹೇಳಲಿಲ್ಲ. ತಾನು ಅಷ್ಟು ಕೆಳಕ್ಕೆ ಒಯ್ದದ್ದರಿಂದಲೇ ಅಪ್ಪನ ಭುಜ ನೊಂದಿತು ಎಂಬುದಷ್ಟೇ ಅವಳ ಮನಸ್ಸಿಗೆ ಹತ್ತಿತು. ಮರುದಿನದಿಂದ ಅವಳು ಹುಟ್ಟನ್ನು ಮೊದಲಿಗಿಂತ ಬೇಗ ಕೊಡತೊಡಗಿದಳು.

ಗುರುಗಳು ಇಲ್ಲಿ ಮಾತು ನಿಲ್ಲಿಸಿ ನೀರು ಕುಡಿದರು.

"ಅವಾ ದಣದಿದ್ನಲ್ರೀ, ಅಜ್ಜಾರ," ಎಂದಳು ಹಾಲಮ್ಮ.

"ದಣಿದಿದ್ದ. ಇಲ್ಲ ಎಂದವರು ಯಾರು? ದಣಿದವರ ಮಕ್ಕಳೇ ಲೋಕದ ತುಂಬ ಇರುವುದು," ಎಂದು ಗುರುಗಳು ಮುಂದುವರಿಸಿದರು.

ಮಳೆಗಾಲ ಕಳೆಯಿತು. ಹೊಳೆ ತಿಳಿಯಾಯಿತು. ಆ ದಿನ ಬಂತು. ಊರೆಲ್ಲ ದಡದಲ್ಲಿ ಸೇರಿತು. ಹುಡುಗಿ ಹುಟ್ಟಿಗೆ ಅರಿಸಿನ ಹಚ್ಚಿ ಕೈಮುಗಿದು ಮುಂದೆ ಕೂತಳು. ಮುದುಕಿ ಬಂದು ಹಿಂದೆ ಕೂತಳು. ಅಂಬಿಗ ಹರಿಗೋಲನ್ನು ನೀರಿಗೆ ನೂಕಿದ. ತಾನು ಮೊಣಕಾಲು ನೀರಿನಲ್ಲಿ ನಿಂತುಬಿಟ್ಟ. ಅಲ್ಲಿಂದ ಮುಂದಕ್ಕೆ ಹೋಗುವಂತಿರಲಿಲ್ಲ.

ದಡದ ಹತ್ತಿರ ನೀರು ಸಾವಧಾನವಾಗಿತ್ತು. ಹರಿಗೋಲು ಚೆನ್ನಾಗಿಯೇ ಹೋಯಿತು. ಜನ ಭಲೆ ಎಂದರು. ಅಂಬಿಗನ ಎದೆ ತುಂಬಿ ಬಂತು. ನಡುಹೊಳೆಗೆ ಹೋದಾಗ ಸೆಳೆತ ಹಿಡಿಯಿತು. ಹರಿಗೋಲು ತುಸು ವಾಲಿತು, ಒಂದು ಸುತ್ತು ಬಂತು.

ಹುಡುಗಿ ಹಿಂದಕ್ಕೆ ತಿರುಗಲಿಲ್ಲ. ಮುಂದೆಯೇ ನೋಡುತ್ತ, ಹುಟ್ಟನ್ನು ಭುಜದ ಮೇಲಿಂದ ಹಿಂದಕ್ಕೆ ಚಾಚಿದಳು.

ಮುದುಕಿ ಹುಟ್ಟನ್ನು ನೋಡಿದಳು, ಹುಡುಗಿಯ ಬೆನ್ನನ್ನು ನೋಡಿದಳು. "ಯಾರಿಗೆ ಕೊಡಾಕತ್ತೀಯವ್ವಾ?" ಎಂದಳು.

ಹುಡುಗಿಗೆ ಅದು ಕೇಳಿಸಿತೋ ಇಲ್ಲವೋ. ಚಾಚಿದ ಕೈ ಚಾಚಿದಂತೆಯೇ ಇತ್ತು. ಹರಿಗೋಲು ಸುತ್ತುತ್ತ ಕೆಳಕ್ಕೆ ಹೊರಟಿತು.

ದಡದಲ್ಲಿ ಗದ್ದಲವೆದ್ದಿತು. ಅಂಬಿಗನ ಪಕ್ಕದಲ್ಲಿದ್ದವರು ಅವನ ಕಡೆ ನೋಡಿದರು. ಅವನು ಕೂಗುತ್ತಿರಲಿಲ್ಲ. ನೋಯುವ ಬಲಗೈಯನ್ನು ಮುಂದಕ್ಕೆ ಚಾಚಿ, ಬೆರಳು ಬಿಚ್ಚಿಕೊಂಡು ನಿಂತಿದ್ದ. ಹುಟ್ಟು ಇಸಿದುಕೊಳ್ಳುವವನ ಕೈ. ನಡುವೆ ಅರ್ಧ ಹೊಳೆ ಹರಿಯುತ್ತಿತ್ತು.

ಯಾರೂ ಸಾಯಲಿಲ್ಲ. ಹರಿಗೋಲು ಕೆಳಗಿನ ಬಂಡೆಗೆ ಒರಗಿ ನಿಂತಿತು. ಮೀನು ಹಿಡಿಯುವವರು ಹೋಗಿ ಇಬ್ಬರನ್ನೂ ಕರೆತಂದರು. ಕಡವು ಬೇರೆ ಮನೆಗೆ ಹೋಯಿತು. ಹುಡುಗಿ ಮತ್ತೆ ಹುಟ್ಟು ಮುಟ್ಟಲಿಲ್ಲ. ಹೊಳೆ ದಾಟುವ ಕೆಲಸ ಬಿದ್ದರೆ ಎಲ್ಲರ ನಡುವೆ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಅಂಬಿಗ ಉಳಿದ ಆಯುಷ್ಯವನ್ನೆಲ್ಲ ಒಂದೇ ಮಾತಿನಲ್ಲಿ ಕಳೆದ. "ನಾ ಕಲಿಸದ ದಿನ ಇಲ್ಲ. ಅಕಿ ತಲಿಗೆ ಹತ್ತಲಿಲ್ಲ, ನಾ ಏನ್ ಮಾಡ್ಲಿ?" ಕೇಳಿದವರೂ ಹೌದು ಹೌದು ಎಂದು ತಲೆಯಾಡಿಸಿದರು. ಅವನು ಹೊಳೆಗಿಳಿದದ್ದನ್ನು ದಿನವೂ ಕಣ್ಣಾರೆ ಕಂಡವರಲ್ಲವೇ?

ಗುರುಗಳು ಕತೆ ಮುಗಿಸಿ ಕಣ್ಣು ಮುಚ್ಚಿದರು. ಹಾಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಪಾಪ ರೀ," ಎಂದಳು. "ಅಪ್ಪ ಅಷ್ಟು ದಿನಾ ಮೈ ಮುರದು ಕಲಿಸಿದ್ರೂ ಆ ಹುಡುಗಿ ಏನೂ ಕಲೀಲಿಲ್ಲಲ್ಲ."

ಗುರುಗಳು ಕಣ್ಣು ತೆರೆಯದೆ ಹೇಳಿದರು: "ಕಲಿಯದೆ ಏನಮ್ಮ? ಅವನು ದಿನವೂ ಕಲಿಸಿದ್ದನ್ನೇ ನಡುಹೊಳೆಯಲ್ಲಿ ಒಂದಿಷ್ಟೂ ತಪ್ಪದೆ ಮಾಡಿ ತೋರಿಸಿದಳು."