ಕೆಂಗಾರಕೊಪ್ಪ ಕಟ್ಟಿದವರು ಯಾರು?

ಮೆಣಸಿನಕಾಯಿ ಬೆಳೆಯುವ ಕೆಂಗಾರಕೊಪ್ಪ ಆ ವರ್ಷ ಪಟ್ಟಣ ಪಂಚಾಯಿತಿ ಆಯಿತು. ಊರ ಅಗಸೆಬಾಗಿಲಲ್ಲಿ ಕಲ್ಲು ನೆಟ್ಟು, ಊರಿನ ಇತಿಹಾಸ, ಜನಸಂಖ್ಯೆ ಕೆತ್ತಿಸಬೇಕೆಂದು ಜನರಿಗೆಲ್ಲ ಸಡಗರ. ಬರೆದುಕೊಡುವ ಕೆಲಸ ಗುಮಾಸ್ತ ಯಮನಪ್ಪನದು. ಮೊದಲ ಬಾವಿ ತೋಡಿಸಿ ಊರು ಕಟ್ಟಿದವಳು ಕುರಿ ಕಾಯುವ ಈರವ್ವ ಎಂದು ಹಳೇ ದಫ್ತರದಲ್ಲಿತ್ತು.

ಅಧ್ಯಕ್ಷ ಗದಿಗೆಪ್ಪಗೌಡರು ಮೀಸೆ ತಿರುವಿದರು. "ಊರು ಕಟ್ಟಿದವ ನಮ್ಮ ಮುತ್ತಜ್ಜ ಅಂತ ಬರಿ. ಇಲ್ಲಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ."

"ಆಗಲಿ ರೀ ಗೌಡ್ರ" ಅಂದ ಯಮನಪ್ಪ.

ಮರುದಿನ ಸಭೆ ಕಿಕ್ಕಿರಿದಿತ್ತು. ಯಮನಪ್ಪ ಕಲ್ಲಿಗೆಂದು ಬರೆದದ್ದನ್ನು ಏರುದನಿಯಲ್ಲಿ ಓದಿದ: "ಈ ಊರು ಕಟ್ಟಿದವರು ಗೌಡರ ಮುತ್ತಜ್ಜ. ಜನಸಂಖ್ಯೆ ಹನ್ನೊಂದು ಸಾವಿರದ ನಾನೂರ ಹನ್ನೆರಡು. ಇಷ್ಟೂ ಜನಕ್ಕೆ ಪ್ರತಿ ಯುಗಾದಿಗೆ ಹೋಳಿಗೆ ಊಟ ಹಾಕಿಸುವುದು ಊರು ಕಟ್ಟಿದ ಮನೆತನದ ಹಿರಿಮೆ."

ಸಭೆಗೆ ಸಭೆಯೇ ಎದ್ದು ಚಪ್ಪಾಳೆ ಹೊಡೆಯಿತು. ಒಬ್ಬಾಕೆ ತುಪ್ಪ ಧಾರಾಳವಾಗಿರುತ್ತದೆಯೇ ಎಂದು ಕೇಳಿದಳು. ಇನ್ನೊಬ್ಬ ಬೀಗರನ್ನೂ ಕರೆತರಬಹುದೇ ಎಂದ.

ಗೌಡರ ಹಣೆಯ ಬೆವರು ಮೀಸೆಗೆ ಇಳಿಯಿತು. ಅಷ್ಟು ಜನರ ಎದುರು ಊಟ ಹಾಕುವುದಿಲ್ಲ ಎನ್ನುವ ಹಾಗೂ ಇರಲಿಲ್ಲ. ಮೆಲ್ಲಗೆ ಎದ್ದು ನಿಂತರು.

"ಯಮನಪ್ಪ, ನಿನ್ನೆ ನಾನು ತಪ್ಪಿ ಹೇಳೀನಿ. ಊರು ಕಟ್ಟಿದಾಕಿ ಈರವ್ವನೇ. ನಮ್ಮ ಮುತ್ತಜ್ಜ ಹಸಕೊಂಡು ಬಂದಿದ್ದ. ಆಕಿ ರೊಟ್ಟಿ ಕೊಟ್ಟಳು. ತಿಂದು ಇಲ್ಲೇ ಉಳಿದ."

ಯಮನಪ್ಪ ಒಂದಕ್ಷರ ಬಿಡದೆ ಬರೆದುಕೊಂಡ. ಈಗ ಕಲ್ಲಿನ ಮೇಲೆ ಆ ರೊಟ್ಟಿಯ ಸಂಗತಿಯೂ ಇದೆ.