ಅರ್ಥ ಕಳೆದುಕೊಂಡ ಲೈಟ್

ಒಂದು ಹಳೆಯ ಇಂಗ್ಲಿಷ್-ಕನ್ನಡ ನಿಘಂಟಿನಲ್ಲಿ ಲೈಟ್, ಫೈಟ್, ರೈಟ್, ನೈಟ್ ಎಂಬ ಪದಗಳಿದ್ದವು. ನಾಲ್ಕರ ಕೊನೆಯಲ್ಲೂ ಐ, ಜಿ, ಎಚ್, ಟಿ ಎಂಬ ಅಕ್ಷರಗಳೇ ಇದ್ದುದರಿಂದ ತಮ್ಮದು ಒಂದೇ ಮನೆತನ ಎಂದು ಅವು ಹೇಳಿಕೊಳ್ಳುತ್ತಿದ್ದವು. ಆದರೂ ಲೈಟ್ ಮಾತ್ರ ನೈಟ್ ಅನ್ನು ಮಾತನಾಡಿಸುತ್ತಿರಲಿಲ್ಲ. ನೈಟ್ ಕತ್ತಲಿನ ಪದ ಎಂಬುದೇ ಅದಕ್ಕೆ ಕಾರಣ.

ಒಮ್ಮೆ ಹುಳು ಲೈಟ್‌ನ ಅರ್ಥವನ್ನು ತಿಂದುಹಾಕಿತು. ಹೊಸ ಮುದ್ರಣಕ್ಕಾಗಿ ಪುಟ ತಿದ್ದುತ್ತಿದ್ದ ಕೆಂಪು ಪೆನ್ಸಿಲ್ ಬಂದು, "ಅರ್ಥ ಹೇಳು. ಇಲ್ಲದಿದ್ದರೆ ನಿನ್ನನ್ನು ಹೊಡೆದುಹಾಕಬೇಕಾಗುತ್ತದೆ," ಎಂದಿತು. ಲೈಟ್‌ಗೆ ನೆನಪಾಗಲಿಲ್ಲ. ಪದಗಳಿಗೆ ತಮ್ಮ ಮುಂದೆ ಬರೆದಿರುವುದಷ್ಟೇ ಗೊತ್ತು.

"ಅಣ್ಣಂದಿರೇ, ನಾನು ಯಾರೆಂದು ಹೇಳಿ," ಎಂದು ಅದು ಬೇಡಿಕೊಂಡಿತು.

"ನಮ್ಮವನೇ. ಬಾಲ ನೋಡಿದರೆ ಸಾಲದೇ?" ಎಂದು ಫೈಟ್ ಜಗಳಕ್ಕೆ ನಿಂತಿತು.

"ಸರಿಯಾಗಿ ಹೇಳಿದೆ," ಎಂದಿತು ರೈಟ್.

"ನಾನು ಕೇಳಿದ್ದು ಬಾಲವನ್ನಲ್ಲ," ಎಂದು ಪೆನ್ಸಿಲ್ ಮೊನೆ ಊರಿತು.

ಆಗ ನೈಟ್, "ತಡೆಯಿರಿ, ನನ್ನ ಅರ್ಥ ಓದಿ," ಎಂದಿತು. ಅಲ್ಲಿ 'ಬೆಳಕು ಇಲ್ಲದ ಹೊತ್ತು' ಎಂದಿತ್ತು. "ನನ್ನ ಹತ್ತಿರ ಬಾರದ ಆ ಬೆಳಕು ಇವನೇ."

ಪೆನ್ಸಿಲ್ ಲೈಟ್‌ನ ಮುಂದೆ 'ಬೆಳಕು' ಎಂದು ಬರೆದು ಮುಂದಿನ ಪುಟಕ್ಕೆ ಹೋಯಿತು.

"ನಾನು ನಿನ್ನ ಅರ್ಥದೊಳಗೇ ಇದ್ದೆನಲ್ಲ, ಮೊದಲೇ ಯಾಕೆ ಹೇಳಲಿಲ್ಲ?" ಎಂದಿತು ಲೈಟ್.

"ನೀನು ನನ್ನನ್ನು ಮಾತನಾಡಿಸಿದ್ದು ಇವತ್ತೇ ತಾನೆ," ಎಂದಿತು ನೈಟ್.