ಕ್ಯಾಮೆರಾದ ಪಕ್ಕ ನಿಂತವನು

ತುಂಗಭದ್ರೆಯ ದಂಡೆಯಲ್ಲಿ ಒಬ್ಬ ಗುರುಗಳಿದ್ದರು. ಗುರುಗಳೆಂದರೆ ಕಾವಿ, ಜಪಮಾಲೆ ಎಂದುಕೊಳ್ಳಬೇಡಿ. ಅವರು ಉಡುತ್ತಿದ್ದದ್ದು ಬಿಳಿ ಪಂಚೆ, ಕೊರಳಲ್ಲಿ ನೇತಾಡುತ್ತಿದ್ದದ್ದು ದಾರ ಕಟ್ಟಿದ ಕನ್ನಡಕ. ಅವರ ಕಸುಬು ಫೋಟೋ ತೆಗೆಯುವುದು. ಹೆಸರು ಬಕ್ಕೇಶಪ್ಪ.

ಹೊಳೆಗೆ ಇಳಿಯುವ ಮೆಟ್ಟಿಲುಗಳ ತಲೆಯಲ್ಲೇ ಅವರ ಸ್ಟುಡಿಯೋ. ಮದುವೆಯಾದ ಹೊಸ ಜೋಡಿಗಳು ಗಂಗೆಪೂಜೆಗೆಂದು ಅಲ್ಲಿಗೆ ಬರುತ್ತಿದ್ದವು. ಪೂಜೆ ಮುಗಿಸಿ, ಒದ್ದೆ ಪಾದದಲ್ಲೇ ಮೇಲೆ ಬಂದು, ಅವರ ಮುಂದೆ ಕೂರುತ್ತಿದ್ದವು.

ಅವರಿಗೆ ಒಬ್ಬನೇ ಶಿಷ್ಯ, ಹಾಲೇಶ. ವಯಸ್ಸು ಇಪ್ಪತ್ತೇಳು. ಬಂದು ನಾಲ್ಕು ವರ್ಷವಾಗಿತ್ತು. ಫೋಟೋ ತೆಗೆದೇ ಬದುಕಬೇಕು ಎಂಬುದು ಅವನ ಆಸೆ. ಆಸೆ ಎಂದರೆ ಸಣ್ಣ ಮಾತಾಯಿತು, ಹಟ.

ಅವನು ತೆಗೆದ ಫೋಟೋದಲ್ಲಿ ರೇಷ್ಮೆ ಸೀರೆಯ ಎಳೆ ಎಳೆಯೂ ಎಣಿಸಲು ಸಿಗುತ್ತಿತ್ತು. ಗುರುಗಳ ಕಣ್ಣಿಗೆ ಪೊರೆ ಬಂದಿತ್ತು. ಅವರು ತೆಗೆದದ್ದು ಒಮ್ಮೊಮ್ಮೆ ಮಬ್ಬಾಗುತ್ತಿತ್ತು, ಒಮ್ಮೊಮ್ಮೆ ಓರೆಯಾಗುತ್ತಿತ್ತು.

ಆದರೂ ಬಂದವರೆಲ್ಲ ಬಾಗಿಲಲ್ಲೇ ಕೇಳುತ್ತಿದ್ದರು: “ಅಜ್ಜಾರಿಲ್ವಾ?”

“ನಾನಿದೀನಲ್ಲ, ಬನ್ನಿ.”

“ಇರ್ಲಿ ತಮ್ಮಾ. ಅಜ್ಜಾರು ಬರ್ಲಿ, ಕೂತಿರ್ತೀವಿ.”

ಹೀಗಿರುವಾಗ ಒಂದು ಶುಕ್ರವಾರ ಹಾಲೇಶನ ಸೋದರಮಾವ ಬಂದ. ಹಾಲಿನ ಡೈರಿಯಲ್ಲಿ ಒಂದು ಕಾಯಂ ಕೆಲಸ ಖಾಲಿ ಇತ್ತು. ಅದನ್ನು ಅಳಿಯನಿಗಾಗಿ ಮಾತಾಡಿಟ್ಟಿದ್ದ.

“ಸೋಮವಾರ ಬಂದ್ರೆ ನಿಂದು. ಬರ್ಲಿಲ್ಲ ಅಂದ್ರೆ ಇನ್ನೊಬ್ಬಂದು. ಹೆಸರೂ ಹಾಲೇಶ, ಕೆಲಸಾನೂ ಹಾಲಿಂದು. ಇನ್ನೇನು ಬೇಕಲೇ ನಿನಗೆ?”

ಮಾವ ಹೋದ ಮೇಲೆ ಹಾಲೇಶ ಗುರುಗಳ ಮುಂದೆ ಕೂತ.

“ಗುರುಗಳೇ, ನೇರ ಹೇಳಿಬಿಡಿ. ನನಗೆ ಈ ಕೆಲಸ ಬರುತ್ತೋ ಇಲ್ವೋ?”

ಗುರುಗಳು ಪಂಚೆಯ ಅಂಚಿನಿಂದ ಕನ್ನಡಕ ಒರೆಸಿಕೊಂಡರು.

“ಬರೋದು ಬಿಡೋದು ನಾನು ಹೆಂಗೆ ಹೇಳ್ಲಿ? ನಾಳೆ ಒಂದು ಗಂಗೆಪೂಜೆ ಐತೆ. ನೀನೇ ತೆಗಿ. ನಾನು ಸ್ಟ್ಯಾಂಡ್ ಹೊತ್ಕೊಂಡು ಬರ್ತೀನಿ.”

ಮರುದಿನ ಬೆಳಿಗ್ಗೆ ಮದುಮಕ್ಕಳು ಬಂದರು. ಜೊತೆಗೆ ಮದುಮಗಳ ಅಜ್ಜಿಯೂ ಬಂದಳು. ಅಜ್ಜಿಯನ್ನು ನಡುವೆ ಕುರ್ಚಿ ಹಾಕಿ ಕೂರಿಸಿದರು.

ಹಾಲೇಶ ಕ್ಯಾಮೆರಾ ಎತ್ತಿ ಮುಖಕ್ಕೆ ಹಿಡಿದ. ಒಂದು ಕಣ್ಣು ಮುಚ್ಚಿದ, ಇನ್ನೊಂದನ್ನು ಕ್ಯಾಮೆರಾಕ್ಕೆ ಒತ್ತಿದ. ಹಾಗೆ ಹಿಡಿದರೆ ಎದುರಿನವರಿಗೆ ಕಾಣುವುದು ಒಂದು ಕರಿ ಪೆಟ್ಟಿಗೆ, ಎರಡು ಕೈ, ಅಷ್ಟೇ.

“ಅಜ್ಜೀ, ಇಲ್ಲಿ ನೋಡಿ. ಕತ್ತು ಮೇಲೆ. ಹಾಂ, ನಗಿ.”

ಅಜ್ಜಿ ಒರಳುಕಲ್ಲಿನ ಹಾಗೆ ಕೂತಿದ್ದಳು. ಹಾಲೇಶ ನಲವತ್ತು ಸಲ ಗುಂಡಿ ಒತ್ತಿದ. ಬೆಳಕು ಸರಿಯಿತ್ತು, ಅಳತೆ ಸರಿಯಿತ್ತು. ಅಜ್ಜಿ ಮಾತ್ರ ನಲವತ್ತು ಸಲವೂ ಸೂಜಿ ಹಿಡಿದು ಬಂದ ಡಾಕ್ಟರನ್ನು ನೋಡುವ ಹಾಗೆ ನೋಡಿದಳು.

“ನಂದೂ ಒಂದಿರ್ಲಿ,” ಎಂದರು ಗುರುಗಳು.

ಅವರು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದರು. ಅದಕ್ಕೊಂದು ಉದ್ದ ವೈರು, ವೈರಿನ ತುದಿಗೊಂದು ಗುಂಡಿ. ಗುಂಡಿಯನ್ನು ಕೈಯಲ್ಲಿ ಹಿಡಿದು ಅವರು ಕ್ಯಾಮೆರಾದ ಹಿಂದೆ ನಿಲ್ಲಲಿಲ್ಲ, ಪಕ್ಕದಲ್ಲಿ ನಿಂತರು. ಯಾವಾಗಲೂ ಅವರು ನಿಲ್ಲುತ್ತಿದ್ದದ್ದೇ ಹಾಗೆ.

“ಅಜ್ಜೀ, ನಿಮ್ಮ ಯಜಮಾನ್ರು ತಾಳಿಗೆ ಎಷ್ಟು ಗಂಟು ಹಾಕಿದ್ರು?”

“ಎಲ್ಲಾರಂಗೆ ಮೂರು.”

“ನಾನು ನನ್ನ ಹೆಂಡ್ತಿಗೆ ನಾಲ್ಕು ಹಾಕಿದ್ದೆ. ಎಲ್ಲಿ ಓಡಿಹೋಗ್ತಾಳೋ ಅಂತ.”

“ಪಾಪ ಆ ತಾಯಿ,” ಎಂದಳು ಅಜ್ಜಿ. “ಬಿಚ್ಚೋದ್ರಾಗೆ ವಯಸ್ಸಾಗೋಗಿರ್ಬೇಕು.”

ತನ್ನ ಮಾತಿಗೆ ತಾನೇ ನಕ್ಕಳು. ಬಾಯಲ್ಲಿ ಉಳಿದಿದ್ದ ಮೂರು ಹಲ್ಲೂ ಕಂಡವು. ಟಕ್ ಎಂದು ಸದ್ದಾಯಿತು.

ಮಧ್ಯಾಹ್ನ ಇಬ್ಬರ ಫೋಟೋಗಳನ್ನೂ ಮೇಜಿನ ಮೇಲೆ ಹರಡಿದರು. ಗುರುಗಳ ಫೋಟೋದಲ್ಲಿ ಮದುಮಗನ ಮೊಣಕೈ ಕತ್ತರಿಸಿಹೋಗಿತ್ತು, ಅಜ್ಜಿಯ ಮುಖ ಕೊಂಚ ಮಬ್ಬಾಗಿತ್ತು. ಮದುಮಗಳು ಅದನ್ನೇ ಎತ್ತಿಕೊಂಡಳು.

“ನಮ್ಮಜ್ಜಿ ಎಷ್ಟು ಚೆನ್ನಾಗಿ ಬಂದಾಳೆ ನೋಡ್ರಿ.”

ಫೋಟೋ ಕೈಗೆ ಬಂದಾಗ ಎಲ್ಲರೂ ಆಡುವುದು ಈ ಒಂದೇ ಮಾತು. ನಾನು ಚೆನ್ನಾಗಿ ಬಂದೀನಾ, ಅವಳು ಚೆನ್ನಾಗಿ ಬಂದಾಳಾ. ತೆಗೆದವನು ಯಾರೆಂದು ಯಾರೂ ಕೇಳುವುದಿಲ್ಲ. ಇದು ಹಾಲೇಶನ ಮನಸ್ಸಿನಲ್ಲಿ ಹಳೆಯ ಮುಳ್ಳು. ಅವತ್ತು ಇನ್ನಷ್ಟು ಆಳಕ್ಕೆ ಹೋಯಿತು.

ಅವರೆಲ್ಲ ಹೋದ ಮೇಲೆ ಹೇಳಿದ: “ಗುರುಗಳೇ, ನಿಮ್ಮದು ಮಬ್ಬು.”

“ಹೌದು.”

“ಓರೆ ಕೂಡ.”

“ಹೌದಪ್ಪ. ಕಣ್ಣು ಕಾಣಲ್ಲ.”

“ಮತ್ತೆ ನಂದ್ರಾಗೆ ಏನು ತಪ್ಪೈತೆ?”

“ಏನೂ ತಪ್ಪಿಲ್ಲ.”

ಗುರುಗಳು ಎರಡು ಫೋಟೋಗಳನ್ನೂ ಅಕ್ಕಪಕ್ಕ ಇಟ್ಟರು. ಮೊದಲು ಹಾಲೇಶನದರ ಮೇಲೆ ಬೆರಳಿಟ್ಟರು.

“ಇದ್ರಾಗೆ ಅಜ್ಜಿ ಏನು ನೋಡ್ತಾಳೆ?”

“ಕ್ಯಾಮೆರಾ.”

“ಇದ್ರಾಗೆ?”

ಹಾಲೇಶ ಬಗ್ಗಿ ನೋಡಿದ. “ಅದೂ ಕ್ಯಾಮೆರಾನೇ. ಅಲ್ಲ, ಸ್ವಲ್ಪ ಪಕ್ಕಕ್ಕೆ ನೋಡ್ತಾಳೆ. ಅದೂ ಒಂದು ತಪ್ಪೇ ಅಲ್ವಾ ಗುರುಗಳೇ?”

ಗುರುಗಳು ನಗುತ್ತಾ ಟೀ ಕಾಯಿಸಲು ಒಳಗೆ ಹೋದರು.

ಹಾಲೇಶನಿಗೆ ಆ ನಗು ಅರ್ಥವಾಗಲಿಲ್ಲ. ತನಗೆ ಈ ಕೆಲಸ ಬರುವುದಿಲ್ಲ, ಬಾಯಿಬಿಟ್ಟು ಹೇಳಿದರೆ ನೊಂದಾನೆಂದು ಗುರುಗಳು ನಕ್ಕು ತೇಲಿಸಿದರು, ಎಂದುಕೊಂಡ.

ಭಾನುವಾರ ಬೆಳಿಗ್ಗೆ ಸ್ಟುಡಿಯೋದ ಬೀಗದ ಕೈ ಹಿಡಿದು ಬಂದ. ಗುರುಗಳು ಕೊನೆಯ ಮೆಟ್ಟಿಲಲ್ಲಿ ಕೂತು ಕಾಲನ್ನು ಹೊಳೆಗೆ ಬಿಟ್ಟಿದ್ದರು. ಬೀಗದ ಕೈಯನ್ನು ಅವರ ಪಕ್ಕದಲ್ಲಿಟ್ಟ.

“ನಾಳೆ ಡೈರಿಗೆ ಹೋಗ್ತೀನಿ.”

“ಹೋಗು. ಹಾಲೂ ಒಳ್ಳೇದೇ.”

ಬೇಡ ಎನ್ನುತ್ತಾರೆ ಎಂದು ಹಾಲೇಶ ಕಾದಿದ್ದ. ಅವರು ಅನ್ನಲಿಲ್ಲ.

“ಹೋಗೋಕೆ ಮುಂಚೆ ನಿಮ್ಮದೊಂದು ಫೋಟೋ ಬೇಕು. ಸ್ಟುಡಿಯೋ ಎಲ್ಲಾ ಹುಡುಕಿದೆ, ಒಂದೂ ಇಲ್ಲ.”

“ಊರಿಗೆಲ್ಲಾ ತೆಗಿಯೋನು ನಾನು. ನಂದು ತೆಗಿಯೋರು ಯಾರು?”

“ನಾನಿದೀನಲ್ಲ.”

ಆ ಮಾತು ಕೇಳಿ ಗುರುಗಳು ಕೈಯಿಂದಲೇ ತಲೆ ಬಾಚಿಕೊಂಡು ನೆಟ್ಟಗೆ ಕೂತರು.

ಹಾಲೇಶ ಕ್ಯಾಮೆರಾ ಎತ್ತಿದ. ಕಣ್ಣು ಒತ್ತಿದರೆ ಏನೂ ಕಾಣಲಿಲ್ಲ. ಕಣ್ಣು ತುಂಬಿಕೊಂಡಿತ್ತು. ಒರೆಸಿಕೊಂಡ, ಮತ್ತೆ ತುಂಬಿತು. ಕೊನೆಗೆ ಸ್ಟ್ಯಾಂಡ್ ತಂದು, ಅಂದಾಜಿನ ಮೇಲೆ ಕ್ಯಾಮೆರಾ ಕೂರಿಸಿ, ವೈರಿನ ಗುಂಡಿ ಹಿಡಿದು ಪಕ್ಕಕ್ಕೆ ಸರಿದು ನಿಂತ.

ಫೋಟೋ ತೆಗೆಯುವಾಗ ಎದುರಿನ ಮುಖವನ್ನು ಅವನು ಎರಡೂ ಕಣ್ಣಿನಿಂದ ನೋಡಿದ್ದು ಅದೇ ಮೊದಲು. ಗುರುಗಳ ಕಿವಿಯ ಕೆಳಗೆ ಕ್ಷೌರದ ಬ್ಲೇಡು ತಾಗಿದ ಗೀರಿತ್ತು. ಅದೇಕೋ ಅದನ್ನು ನೋಡಿ ಸುಮ್ಮನಿರಲಾಗಲಿಲ್ಲ.

“ಬೆಳಿಗ್ಗೆ ತಿಂಡಿ ಏನು ತಿಂದ್ರಿ?”

“ಮಂಡಕ್ಕಿ.”

“ಮೆಣಸಿನಕಾಯಿ ಇಲ್ದೆ ಬರೀ ಮಂಡಕ್ಕಿ?”

“ಮೆಣಸಿನಕಾಯಿ ಕರಿದು ಕೊಡೋನು ಡೈರಿಗೆ ಹೊಂಟಾನಲ್ಲ.”

ಹಾಲೇಶನಿಗೆ ಅಳುವಿನ ನಡುವೆಯೇ ನಗು ಬಂತು. ಗುರುಗಳು ಅವನನ್ನು ನೋಡಿದರು. ಅವನ ಹೆಬ್ಬೆರಳು ತಾನಾಗಿಯೇ ಗುಂಡಿ ಒತ್ತಿತು.

ಪ್ರಿಂಟ್ ತೆಗೆದು ನೋಡಿದರೆ ಹೊಳೆ ಓರೆಯಾಗಿ ಹರಿಯುತ್ತಿತ್ತು. ಗುರುಗಳ ಎಡಭುಜ ಕತ್ತರಿಸಿಹೋಗಿತ್ತು. ನಾಲ್ಕು ವರ್ಷದಲ್ಲಿ ಇಂಥ ಕೆಟ್ಟ ಫೋಟೋವನ್ನು ಅವನು ತೆಗೆದಿರಲಿಲ್ಲ. ನಾಚಿಕೊಂಡೇ ಮೆಟ್ಟಿಲಿಳಿದು ತಂದುಕೊಟ್ಟ.

“ಓರೆಯಾಗೈತೆ ಗುರುಗಳೇ. ಇನ್ನೊಂದು ತೆಗೀಲಾ?”

ಗುರುಗಳು ಕನ್ನಡಕ ಏರಿಸಿ, ಫೋಟೋವನ್ನು ಮೂಗಿನ ಹತ್ತಿರ ಹಿಡಿದರು. ಅದರಲ್ಲಿ ಒಬ್ಬ ಮುದುಕ ಕಣ್ಣು ತುಂಬ ನಗುತ್ತಿದ್ದ. ಅವನ ನೋಟ ಕ್ಯಾಮೆರಾದ ಕಡೆಗಿರಲಿಲ್ಲ. ಸ್ವಲ್ಪ ಪಕ್ಕಕ್ಕಿತ್ತು.

ಬಹಳ ಹೊತ್ತು ನೋಡಿದರು.

“ನೀವು ಚೆನ್ನಾಗಿ ಬಂದಿಲ್ಲ, ಅಲ್ವಾ?” ಎಂದ ಹಾಲೇಶ.

ಗುರುಗಳು ಪಕ್ಕದಲ್ಲಿದ್ದ ಬೀಗದ ಕೈಯನ್ನು ತೆಗೆದು ಅವನ ಅಂಗೈಯಲ್ಲಿಟ್ಟು, ಬೆರಳು ಮಡಚಿದರು.

“ನನ್ನ ಮಾತು ಬಿಡು ತಮ್ಮಾ. ಇದ್ರಾಗೆ ನೀನು ಚೆನ್ನಾಗಿ ಬಂದೀಯ.”